ಸ್ನಾನದ ನೀರು ಕಾಯಿಸುವ ಆಂಪ್ಲಿಫೈಯರ್

"ಅಣ್ಣಾ, ಯಾವ ಆಂಪ್ಲಿಫೈಯರ್ ತಗೊಳ್ಳೋದು?" ಎಂದು ಈಗಲೂ ಹುಡುಗರು ಫೋನ್ ಮಾಡುತ್ತಾರೆ. ಕೆಲಸ ಬಿಟ್ಟು ಮನೆಯಲ್ಲಿ ಕೂತವನಿಗೆ ಇಂಥ ಫೋನ್ ಬಂದರೆ ಖುಷಿಯೇ. ನಾನು ಯಾವುದೋ ಕಂಪನಿಯ ಹೆಸರು ಹೇಳುತ್ತೇನೆ ಎಂದು ಅವರು ಕಾಯುತ್ತಿರುತ್ತಾರೆ. ನಾನು ಮಾತ್ರ "ನಿಮ್ಮನೇಲಿ ಬಕೆಟ್ ಇದೆಯೇನಪ್ಪಾ?" ಎಂದು ಕೇಳುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೋ ಏನೋ. ಆ ಬಕೆಟ್ಟಿನ ಕಥೆಯನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಕೆಲಸ ಮಾಡಿದ್ದು ಮಾರೇನಹಳ್ಳಿಯ ಒಂದು ಸೌಂಡ್ ಸರ್ವಿಸ್‌ನಲ್ಲಿ. ಮೈಕ್ ಮುಂದೆ ನಿಂತು "ಹಲೋ, ಚೆಕ್, ಚೆಕ್" ಅನ್ನುವುದರಿಂದ ಶುರು ಮಾಡಿ ಅಂಗಡಿಗೆ ಸಾಮಾನು ಆರಿಸುವ ಕೆಲಸದವರೆಗೆ ಬಂದೆ. ನಡುವೆ ಯಾವಾಗ ಯಾವ ಮೆಟ್ಟಿಲು ಹತ್ತಿದೆ ಅನ್ನುವುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಯಾಕೆ? ನೀವು ತಿಳಿದುಕೊಳ್ಳಬೇಕಾದ್ದು ಅಂಗಡಿಯ ಯಜಮಾನಿ ಲಲಿತಕ್ಕನ ಬಗ್ಗೆ. ಆಕೆ ಒಂದು ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ತಾವಾಗಿಯೇ ಬಿಟ್ಟು ಬಂದು ಈ ಅಂಗಡಿ ತೆರೆದವರು. ಮುಂದೆ ಎರಡು ಶಟರ್, ಹಿಂದೆ ಮನೆ, ನಡುವೆ ಸಣ್ಣದೊಂದು ಅಂಗಳ. ಮನೆಯಲ್ಲಿ ಲಲಿತಕ್ಕ ಮತ್ತು ಅವರ ತಾಯಿ. ತಾಯಿಯನ್ನು ಅಂಗಡಿಯವರೆಲ್ಲ ಅಜ್ಜಿ ಅನ್ನುತ್ತಿದ್ದೆವು. ಈ ಅಜ್ಜಿಗೂ ಆಂಪ್ಲಿಫೈಯರಿಗೂ ಏನು ಸಂಬಂಧ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ನನ್ನ ದಡ್ಡತನದ ಒಂದು ಸಂಗತಿ ಹೇಳಿಬಿಡುತ್ತೇನೆ. ಆಂಪ್ಲಿಫೈಯರ್ ಅಂದರೆ ಮೈಕಿನಿಂದ ಬಂದ ಚಿಕ್ಕ ದನಿಗೆ ಸ್ಪೀಕರನ್ನು ಅಲುಗಿಸುವಷ್ಟು ಶಕ್ತಿ ತುಂಬುವ ಪೆಟ್ಟಿಗೆ. ಆ ಶಕ್ತಿಯನ್ನು ವಾಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಪೆಟ್ಟಿಗೆಗಳ ಮೇಲೆ ಎಂಥೆಂಥ ಅಂಕಿ ಅಚ್ಚು ಹಾಕಿರುತ್ತಿದ್ದರು ಅಂದರೆ, ಅದು ನಿಜವಾಗಿದ್ದರೆ ಒಂದೊಂದು ಪೆಟ್ಟಿಗೆಯಿಂದ ಇಡೀ ವಿಜಯನಗರಕ್ಕೆ ದೀಪ ಹಾಕಬಹುದಿತ್ತು. ನಾನು ಆ ಅಂಕಿಗಳನ್ನು ಪೂರಾ ನಂಬುತ್ತಿದ್ದೆ. ಲಲಿತಕ್ಕನ ಅಂಗಡಿ ಸೇರುವ ಮುಂಚೆ, ರಾಜಾಜಿನಗರದ ಒಂದು ಛತ್ರದಲ್ಲಿ ಬೆಳಗಿನ ಮುಹೂರ್ತಕ್ಕೆ ಅಂಥದ್ದೊಂದು ಭಾರಿ ಅಂಕಿಯ ಪೆಟ್ಟಿಗೆ ಹಾಕಿದ್ದೆ. ನಾದಸ್ವರದವರು ಎರಡನೇ ಕೀರ್ತನೆಗೆ ಬರುವಷ್ಟರಲ್ಲಿ ಘಾಟು ವಾಸನೆ ಶುರುವಾಯಿತು. ಅಡುಗೆ ಭಟ್ಟರು ಒಗ್ಗರಣೆ ಸೀದುಹೋಯಿತು ಎಂದು ಸೌಟು ಹಿಡಿದುಕೊಂಡು ಒಳಕ್ಕೆ ಓಡಿದರು. ಸೀದದ್ದು ನನ್ನ ಪೆಟ್ಟಿಗೆ. ಗಟ್ಟಿಮೇಳವನ್ನು ಮೈಕಿಲ್ಲದೆ ಬಾರಿಸಿದರು, ಯಾರಿಗೂ ಏನೂ ಕಡಿಮೆಯಾಗಲಿಲ್ಲ. ನನಗೆ ಮಾತ್ರ ಊಟ ಸೇರಲಿಲ್ಲ.

ಲಲಿತಕ್ಕನ ಬಳಿ ಸೇರಿದ ಮೊದಲ ವಾರವೇ ಒಂದು ಹೊಸ ಆಂಪ್ಲಿಫೈಯರ್ ಬಂತು. ಸ್ಪೀಕರ್ ಜೋಡಿಸಿ ಹಾಡು ಹಾಕುತ್ತಾರೆ ಅಂದುಕೊಂಡೆ. ಆಕೆ ಅಂಗಳಕ್ಕೆ ಒಂದು ನೀಲಿ ಬಕೆಟ್ ತಂದಿಟ್ಟರು. ಬಕೆಟ್ಟಿನ ಒಳಗೆ, ಹತ್ತು ಲೀಟರ್ ನೀರು ಬರುವ ಎತ್ತರಕ್ಕೆ, ಕೆಂಪು ಪೇಂಟಿನಲ್ಲಿ ಒಂದು ಗೆರೆ. ಗೆರೆಯವರೆಗೆ ನಲ್ಲಿ ನೀರು ತುಂಬಿಸಿ, ಸ್ನಾನಕ್ಕೆ ನೀರು ಕಾಯಿಸುವ ನಾಲ್ಕು ಹೀಟರ್ ರಾಡುಗಳನ್ನು ಒಟ್ಟಿಗೆ ಕಟ್ಟಿ ಇಳಿಬಿಟ್ಟರು. ರಾಡುಗಳ ವೈರನ್ನು ಗೋಡೆಯ ಪ್ಲಗ್ಗಿಗೆ ಹಾಕಲಿಲ್ಲ, ಆಂಪ್ಲಿಫೈಯರಿನಲ್ಲಿ ಸ್ಪೀಕರ್ ಜೋಡಿಸುವ ಜಾಗಕ್ಕೆ ಹಾಕಿದರು. ಆಮೇಲೆ ಒಂದೇ ಸ್ವರದ ಶಬ್ದವನ್ನು ಒಳಗೆ ಕೊಟ್ಟು ಗುಂಡಿಯನ್ನು ಪೂರ್ತಿ ತಿರುಗಿಸಿದರು. ಫ್ಯಾನ್ ಸದ್ದು ಬಿಟ್ಟರೆ ಏನೂ ಕೇಳಿಸದು.

"ಇದೇನಕ್ಕಾ?" ಅಂದೆ.

"ಸ್ಪೀಕರ್ ಇದ್ರೆ ಕಿವಿ ಮೋಸ ಹೋಗುತ್ತೆ ಸಿದ್ದರಾಜು. ನೀರು ಮೋಸ ಹೋಗಲ್ಲ. ಇವರು ಬರೆದಿರೋ ನಾನೂರು ವಾಟ್ಸ್ ನಿಜ ಆದ್ರೆ, ಅರ್ಧ ಗಂಟೇಲಿ ಹತ್ತು ಲೀಟರ್ ತಣ್ಣೀರು ಸ್ನಾನದ ನೀರಾಗ್ಬೇಕು. ಆಗ್ಲಿಲ್ಲ ಅಂದ್ರೆ ಬರೆದಿರೋದು ಸುಳ್ಳು."

ಅರ್ಧ ಗಂಟೆಯಾದ ಮೇಲೆ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತು, ರಾಡ್ ಎತ್ತಿ ಪಕ್ಕಕ್ಕಿಟ್ಟು, ಆಮೇಲೆ ನೀರಿಗೆ ಕೈ ಅದ್ದಿದರು. ಈ ಕ್ರಮವನ್ನು ಆಕೆ ಒಂದು ದಿನವೂ ಹಿಂದೆ ಮುಂದೆ ಮಾಡಿದ್ದನ್ನು ನಾನು ನೋಡಿಲ್ಲ. ನೀವೂ ಕಲಿತವರೊಬ್ಬರು ಜೊತೆಗಿಲ್ಲದೆ ಕರೆಂಟು ನೀರು ಒಟ್ಟು ಮಾಡಲು ಹೋಗಬೇಡಿ. ಕೈ ಅದ್ದಿ ಒಂದೇ ಮಾತು ಹೇಳಿದರು: "ಕಾಯಿಸಿದೆ." ಆಮೇಲೆ ಪೆಟ್ಟಿಗೆಯ ಎಡಮೂಲೆಗೆ ಒಂದು ಬೊಟ್ಟು ಕುಂಕುಮ. ನಮ್ಮ ಅಂಗಡಿಯಲ್ಲಿ ಕುಂಕುಮವಿಲ್ಲದ ಆಂಪ್ಲಿಫೈಯರ್ ವ್ಯಾನ್ ಹತ್ತುತ್ತಿರಲಿಲ್ಲ.

ಆ ನೀರನ್ನು ಚೆಲ್ಲುತ್ತಿದ್ದರು ಅಂದುಕೊಂಡಿರಾ? ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಬೀದಿ ಅದು. ಬಕೆಟ್ ಸೀದಾ ಬಚ್ಚಲಿಗೆ ಹೋಗುತ್ತಿತ್ತು, ಅಜ್ಜಿಯ ಸ್ನಾನಕ್ಕೆ. ಹೀಗಾಗಿ ಅಜ್ಜಿಯೂ ಪರೀಕ್ಷಕರೇ. ಬಚ್ಚಲ ಬಾಗಿಲ ಸಂದಿಯಿಂದಲೇ ತೀರ್ಪು ಬರುತ್ತಿತ್ತು: "ಲಲಿತಾ, ಇವತ್ತಿನದು ಬರೀ ಬುರುಡೆ ಕಣೇ, ಮೈ ನಡುಗ್ತಾ ಇದೆ. ವಾಪಸ್ ಕಳ್ಸು." ಯಾವ ಕಂಪನಿಯ ಯಾವ ಮಾಡೆಲ್ ಎಂದು ಅಜ್ಜಿಗೆ ಗೊತ್ತಿಲ್ಲ, ಅಕ್ಷರವೂ ಬಾರದು. ಆದರೂ ಆಕೆ ಬುರುಡೆ ಅಂದ ಒಂದು ಪೆಟ್ಟಿಗೆಯೂ ಬೇರೆ ಸರ್ವಿಸಿನವರ ಹತ್ತಿರ ವರ್ಷ ಬಾಳಿದ್ದನ್ನು ನಾನು ಕೇಳಲಿಲ್ಲ.

ಒಮ್ಮೆ ಪೇಟೆಯ ದೊಡ್ಡ ಅಂಗಡಿಗೆ ನಾವಿಬ್ಬರೂ ಬಕೆಟ್ ಸಮೇತ ಹೋದೆವು. ಅಂಗಡಿಯವರು ಮುಖ ಮುಖ ನೋಡಿಕೊಂಡರು.

"ಮೇಡಂ, ಆಂಪ್ಲಿಫೈಯರ್ ತಗೊಳ್ಳೋಕೆ ಬಂದಿದೀರೋ, ತಲೆಗೆ ನೀರು ಹಾಕ್ಕೊಳ್ಳೋಕೆ ಬಂದಿದೀರೋ?" ಎಂದರು ಮಾಲೀಕರು.

"ನಿಮ್ಮ ಮಾಲು ಒಳ್ಳೇದಿದ್ರೆ ಎರಡೂ ಆಗುತ್ತೆ ಸಾರ್," ಎಂದರು ಲಲಿತಕ್ಕ. ಅಂಗಡಿಯ ಹುಡುಗರೆಲ್ಲ ನಕ್ಕರು. ಅರ್ಧ ಗಂಟೆಯ ನಂತರ ಮಾಲೀಕರೇ ತೋಳು ಮಡಚಿ ಕೈ ಅದ್ದಿ ನೋಡಿ, ನಗು ನಿಲ್ಲಿಸಿ, ಆ ಮಾಡೆಲ್ಲನ್ನು ಎದುರಿನ ಶೆಲ್ಫಿನಿಂದ ತೆಗೆಸಿದರು. ಆಕೆಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆವತ್ತು. ಯಾರನ್ನೂ ಬೈಯಲಿಲ್ಲ, ವಾದ ಮಾಡಲಿಲ್ಲ. ನೀರು ಕಾಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ಸ್ಟೂಲಿನ ಮೇಲೆ ಕೂತಿದ್ದರು.

ಬಕೆಟ್ ಒಂದರಿಂದಲೇ ಎಲ್ಲ ತೀರ್ಮಾನವಾಗುತ್ತಿರಲಿಲ್ಲ. ಇನ್ನೊಂದು ಪರೀಕ್ಷೆಗೆ ಆಕೆ "ಉಪವಾಸ" ಅನ್ನುತ್ತಿದ್ದರು. ಪೆಂಡಾಲಿಗೆ ಉದ್ದದ ವೈರಿನಲ್ಲಿ ಬರುವ ಕರೆಂಟು ಯಾವತ್ತೂ ಮನೆಯಷ್ಟು ಗಟ್ಟಿ ಇರುವುದಿಲ್ಲ. ಅದಕ್ಕೇ ವೋಲ್ಟೇಜನ್ನು ಬೇಕೆಂದೇ ಇಳಿಸಿ ಪೆಟ್ಟಿಗೆಯನ್ನು ಓಡಿಸಿ ನೋಡುತ್ತಿದ್ದರು. ಕೆಲವು ಮುನಿಸಿಕೊಂಡು ಆರಿಹೋಗುತ್ತಿದ್ದವು. ಒಳ್ಳೆಯವು ದನಿ ಸ್ವಲ್ಪ ತಗ್ಗಿಸಿಯಾದರೂ ನಿಲ್ಲುತ್ತಿದ್ದವು. ಸ್ಪೀಕರಿಗೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿಯ ಪೆಟ್ಟಿಗೆ ಕೊಂಡು ಅದರಿಂದ ನಿಧಾನವಾಗಿ ಕೆಲಸ ತೆಗೆಯಬೇಕು, ಗುಂಡಿಯ ಕೊನೆಯ ಗೆರೆಯವರೆಗೆ ದುಡಿಸಬಾರದು ಎನ್ನುವುದು ಆಕೆಯ ನಿಯಮ. ಕೆಟ್ಟರೆ ರಿಪೇರಿಗೆ ಬಿಡಿಭಾಗ ಇದೇ ಊರಿನಲ್ಲಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸುತ್ತಿದ್ದರು.

ಕಾಲ ಬದಲಾದಾಗಲೂ ಆಕೆ ಹಠ ಹಿಡಿಯಲಿಲ್ಲ. ಮೊದಲೆಲ್ಲ ಒಳ್ಳೆಯ ಆಂಪ್ಲಿಫೈಯರ್ ಅಂದರೆ ಇಬ್ಬರು ಎತ್ತಬೇಕಾದ ಭಾರ, ಒಳಗೆ ಕಲ್ಲಿನಂಥ ಟ್ರಾನ್ಸ್‌ಫಾರ್ಮರ್. ಕೆಲವು ವರ್ಷ ಕಳೆದ ಮೇಲೆ ಕಂಕುಳಲ್ಲಿ ಇಟ್ಟುಕೊಂಡು ಹೋಗುವಂಥ ಹಗುರದವು ಬಂದವು. ನಾನು ಅಂಥದ್ದೊಂದನ್ನು ಒಂದೇ ಕೈಯಲ್ಲಿ ಎತ್ತಿ, "ಅಕ್ಕ, ಒಳಗೆ ಬರೀ ಗಾಳಿ" ಎಂದು ಆಡಿಕೊಂಡೆ. "ನೀನು ತೂಕ ನೋಡು, ನಾನು ನೀರು ನೋಡ್ತೀನಿ" ಅಂದರು. ಆ ದಿನ ಬಚ್ಚಲಿನಿಂದ ಅಜ್ಜಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಬೆನ್ನು ಸುಟ್ಟೋಯ್ತು ಕಣೇ! ಒಂದು ಚೊಂಬು ತಣ್ಣೀರು ತಾ!" ಹಗುರದ ಪೆಟ್ಟಿಗೆಗೂ ಕುಂಕುಮ ಬಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯಲು ಇಷ್ಟೆಲ್ಲ ಸುತ್ತಿ ಬಳಸಿ ಬಂದದ್ದು.

ಒಂದು ಡಿಸೆಂಬರಿನಲ್ಲಿ ಮೊದಲ ಸಲ ಲಲಿತಕ್ಕ ಒಂದು ಆಂಪ್ಲಿಫೈಯರ್ ಆರಿಸುವ ಕೆಲಸವನ್ನು ನನ್ನೊಬ್ಬನಿಗೇ ಬಿಟ್ಟರು. ನಾನು ಆರಿಸಿದ್ದು ಮುಂಭಾಗದಲ್ಲಿ ನೀಲಿ ದೀಪಗಳು ದನಿಗೆ ತಕ್ಕಂತೆ ಕುಣಿಯುವ ಒಂದು ಚಂದದ ಪೆಟ್ಟಿಗೆ. ಅದರ ಮೇಲೂ ನಾನೂರು ಎಂದು ಬರೆದಿತ್ತು. ಅಂಗಡಿಯವರಿಗೆಲ್ಲ ತೋರಿಸಿ ಬೀಗಿದೆ. ಮರುದಿನ ಬೆಳಿಗ್ಗೆ ಲಲಿತಕ್ಕ ಬರುವ ಮುಂಚೆ ನಾನೇ ಬಕೆಟ್ ಇಟ್ಟು ಪರೀಕ್ಷೆ ಶುರು ಮಾಡಿದೆ. ಅರ್ಧ ಗಂಟೆ ಆಯಿತು. ಪ್ಲಗ್ ಕಿತ್ತು ಕೈ ಅದ್ದಿದೆ. ನೀರು ಉಗುರು ಬೆಚ್ಚಗೂ ಇರಲಿಲ್ಲ.

ಏನು ಮಾಡಿದೆ ಗೊತ್ತೇ? ಪಕ್ಕದ ಟೀ ಅಂಗಡಿಗೆ ಹೋಗಿ ಎರಡು ದೊಡ್ಡ ಚೊಂಬು ಕುದಿಯುವ ನೀರು ತಂದು ಬಕೆಟ್ಟಿಗೆ ಸುರಿದೆ. ಆಂಪ್ಲಿಫೈಯರ್ ಆರಿಸುವುದರಲ್ಲಿ ಮೋಸ ಹೋದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಿಸಿನೀರು ಬೆರೆಸಿ ಮೋಸ ಮಾಡಿದವನು ನಾನೊಬ್ಬನೇ ಇರಬೇಕು.

ಲಲಿತಕ್ಕ ಬಂದರು. ಬಕೆಟ್ ನೋಡಿದರು. ಕೈ ಅದ್ದಿದರು. "ಬಿಸಿ ಇದೆ" ಅಂದರು. ಕುಂಕುಮದ ಭರಣಿ ತರಲು ನಾನು ಎದ್ದರೆ, "ಕೈ ಒದ್ದೆ ಇದೆ, ಆಮೇಲೆ ಇಡ್ತೀನಿ ಬಿಡು" ಎಂದು ಒಳಗೆ ಹೋದರು. ಬಚ್ಚಲಿನಿಂದ ಅಜ್ಜಿ, "ಲಲಿತಾ, ಇವತ್ತು ನೀರು ಶುಂಠಿ ವಾಸನೆ ಬರ್ತಿದೆಯಲ್ಲೇ" ಎಂದರು. "ವಯಸ್ಸಾಯ್ತು, ಅಜ್ಜಿ ಮೂಗು ಕೆಟ್ಟಿದೆ" ಎಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಎರಡು ದಿನ ಬಿಟ್ಟು ಬಸವೇಶ್ವರನಗರದ ಒಂದು ಮೈದಾನದಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆಯ ಆಟೋಟದ ದಿನ. ಆ ಮಕ್ಕಳ ಓಟ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಗುರಿಯ ಗೆರೆಯ ಹಿಂದೆ ಒಂದೇ ಒಂದು ಸ್ಪೀಕರ್ ಇಡುತ್ತಾರೆ. ಅದರ ಹಿಂದೆ ಆಟದ ಟೀಚರ್ ಮೈಕಿನ ಮುಂದೆ ನಿಂತು ಕೋಲಾಟದ ಎರಡು ಕೋಲುಗಳನ್ನು ಟಕ್ ಟಕ್ ಎಂದು ಬಡಿಯುತ್ತಾ ಮಗುವಿನ ಹೆಸರು ಕೂಗುತ್ತಾರೆ. ಮಗು ಆ ದನಿಯನ್ನೇ ದಾರಿ ಮಾಡಿಕೊಂಡು ಓಡುತ್ತದೆ. ಒಂದು ಸಲಕ್ಕೆ ಒಬ್ಬರೇ. ಆಗ ಬೇರೆ ಸ್ಪೀಕರುಗಳೆಲ್ಲ ಬಂದ್, ಮೈದಾನವೆಲ್ಲ ಮೌನ.

ಕುಂಕುಮ ಬೀಳದಿದ್ದರೂ ನನ್ನ ನೀಲಿ ದೀಪದ ಪೆಟ್ಟಿಗೆಯನ್ನು ನಾನೇ ವ್ಯಾನಿಗೆ ಏರಿಸಿಕೊಂಡು ಬಂದಿದ್ದೆ, ಲಲಿತಕ್ಕ ನೋಡಿಯೂ ತಡೆದಿರಲಿಲ್ಲ. ಗುರಿಯ ಸ್ಪೀಕರನ್ನು ಅದಕ್ಕೇ ಜೋಡಿಸಿದೆ. ವೇದಿಕೆಯ ಸ್ಪೀಕರುಗಳಿಗೆ ಕರಿಯನನ್ನು ಹಾಕಿದೆ. ಕರಿಯ ಅಂದರೆ ನಮ್ಮ ಅಂಗಡಿಯ ಅತಿ ಹಳೆಯ ಆಂಪ್ಲಿಫೈಯರ್, ದೀಪವಿಲ್ಲ, ಅಂದವಿಲ್ಲ, ಒಂದು ಸ್ವಿಚ್ ಮಾತ್ರ. ಕೆಲಸ ಮುಗಿಸಿ ನಿಂತಿದ್ದಾಗ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸ್ಪೀಕರ್ ಡಬ್ಬಿಯನ್ನು ಕೈಯಿಂದ ಸವರುತ್ತಾ ಬಂದಳು. ಹೆಸರು ಮಾದೇವಿ, ಗದಗಿನ ಕಡೆಯವಳು. ಅಪ್ಪ ಅನ್ನಪೂರ್ಣೇಶ್ವರಿ ನಗರದಲ್ಲಿ ಗಾರೆ ಕೆಲಸ ಮಾಡುತ್ತಿದ್ದರಂತೆ.

"ಸರ್, ದನಿ ನಡುವ ನಿಂದ್ರೂದಿಲ್ಲಲ್ರಿ?" ಎಂದು ಕೇಳಿದಳು.

"ಯಾಕಮ್ಮಾ ಹಾಗೆ ಕೇಳ್ತೀಯ?"

"ಹ್ವಾದ ವರ್ಷ ನಿಂತ್ಬಿಟ್ಟಿತ್ರಿ. ಯಾ ಕಡೆ ಓಡ್ಬೇಕಂತ ತಿಳೀಲಿಲ್ಲ. ಗ್ವಾಡಿಗೆ ಹೋಗಿ ಬಡದ್ನಿ." ಹಣೆಯ ಕೂದಲು ಸರಿಸಿದಳು. ಹುಬ್ಬಿನ ಮೇಲೆ ಹೊಲಿಗೆಯ ಗುರುತು ಇತ್ತು.

ಹೋದ ವರ್ಷ ಬಂದಿದ್ದವರು ಬೇರೆ ಯಾರೋ. ನಾನು ಒಂದು ಕ್ಷಣವೂ ತಡೆಯದೆ, "ಇಲ್ಲಮ್ಮ, ನಿಲ್ಲಲ್ಲ" ಅಂದುಬಿಟ್ಟೆ. ಆಗಲೇ ಹೋಗಿ ವೈರ್ ಬದಲಾಯಿಸಬಹುದಿತ್ತು. ಲಲಿತಕ್ಕ ಅಲ್ಲೇ ಓಡಾಡುತ್ತಿದ್ದರು, ಕೇಳಿದರೆ ಏನು ಹೇಳಲಿ ಎಂದು ಸುಮ್ಮನಾದೆ. ಉಪ್ಪಿಟ್ಟು ಕೊಡುತ್ತಿದ್ದಾರೆ ಎಂದು ಯಾರೋ ಕರೆದರು, ಹೋದೆ.

ತಿಂಡಿ ಮುಗಿಸಿ ಬಂದು ಕೂತೆ. ಮುಖ್ಯ ಅತಿಥಿಗಳು ಮಾತಾಡಿದರು, ಮಾತಾಡುತ್ತಲೇ ಇದ್ದರು. ಬಿಸಿಲು ನೆತ್ತಿಗೆ ಬಂತು, ಪೆಟ್ಟಿಗೆಗಳಿದ್ದ ಮೇಜಿನ ಮೇಲಿನ ನೆರಳು ಸರಿದುಹೋಯಿತು. ಕೊನೆಗೂ ಓಟ ಶುರುವಾಯಿತು. ವೇದಿಕೆಯ ಸ್ಪೀಕರುಗಳನ್ನು ಲಲಿತಕ್ಕನೇ ಅಲ್ಲಿಗೆ ಹೋಗಿ ಬಂದ್ ಮಾಡಿದರು, ಮೈಕಿನ ದನಿ ಮಾತ್ರ ಎರಡೂ ಪೆಟ್ಟಿಗೆಗೆ ಬರುತ್ತಿತ್ತು, ನೀಲಿ ದೀಪಗಳು ಕುಣಿಯುತ್ತಲೇ ಇದ್ದವು. ನಾಲ್ಕೈದು ಮಕ್ಕಳು ಓಡಿದರು. ಆಮೇಲೆ ಟೀಚರ್, "ಮಾದೇವಿ! ಬಾ ಮಾದೇವಿ!" ಎಂದು ಕೋಲು ಬಡಿಯತೊಡಗಿದರು. ಅವಳು ಎರಡೂ ಕೈ ಮುಂದೆ ಚಾಚಿಕೊಂಡು ಹೊರಟಳು.

ಅರ್ಧ ದಾರಿಗೆ ಬಂದಿದ್ದಳು. ನನ್ನ ಮುಂದೆ "ಠಪ್" ಎಂದು ಒಂದು ಸದ್ದು. ನೀಲಿ ದೀಪಗಳೆಲ್ಲ ಒಟ್ಟಿಗೇ ಆರಿದವು. ಛತ್ರದಲ್ಲಿ ಬಂದಿತ್ತಲ್ಲ, ಅದೇ ಘಾಟು ವಾಸನೆ. ಮೈದಾನದ ಅಂಚಿನಲ್ಲಿದ್ದ ಕಾಂಪೌಂಡ್ ಗೋಡೆ ಒಂದೇ ನನಗೆ ಕಾಣುತ್ತಿದ್ದದ್ದು.

ಆದರೆ ಟಕ್ ಟಕ್ ನಿಲ್ಲಲಿಲ್ಲ. "ಬಾ ಮಾದೇವಿ, ಬಾ!" ಮೈದಾನದ ತುಂಬ ಸ್ಪಷ್ಟವಾಗಿ ಕೇಳುತ್ತಲೇ ಇತ್ತು. ಹುಡುಗಿ ಒಂದು ಹೆಜ್ಜೆಯೂ ತಪ್ಪದೆ ಸೀದಾ ಬಂದು ಟೀಚರ ಸೊಂಟ ತಬ್ಬಿಕೊಂಡಳು. ಜನ ಚಪ್ಪಾಳೆ ಹೊಡೆದರು. ನಾನು ಗುರಿಯ ಸ್ಪೀಕರಿನಿಂದ ಬಂದ ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಿದೆ. ಹುಲ್ಲಿನ ಮೇಲೆ ಹರಿದು, ಮೇಜಿನ ಕಾಲು ಬಳಸಿ, ಅದು ಹೋಗಿ ಸೇರಿದ್ದು ಕರಿಯನಿಗೆ. ನನ್ನ ಪೆಟ್ಟಿಗೆಗೆ ಹಾಕಿದ್ದದ್ದು ವೇದಿಕೆಯ ಸ್ಪೀಕರುಗಳ ವೈರು. ನಾನು ಉಪ್ಪಿಟ್ಟು ತಿನ್ನಲು ಹೋದಾಗ ಲಲಿತಕ್ಕ ಅದಲು ಬದಲು ಮಾಡಿದ್ದರು.

ಅವರ ಹತ್ತಿರ ಹೋದೆ. ಕಣ್ಣಲ್ಲಿ ನೀರು ಬಂತು. ಆಕೆ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿ, ಮೆಲ್ಲಗೆ ಹೇಳಿದರು:

"ರಾಡು ನೀರು ಕಾಯಿಸುತ್ತೆ ಕಣೋ ಸಿದ್ದರಾಜು, ಹೆಚ್ಚು ಮಾಡಲ್ಲ. ಗೆರೆ ಮೇಲೆ ಎರಡು ಬೆರಳು ನೀರಿತ್ತು. ಶುಂಠಿನೂ ರಾಡಲ್ಲಿ ಬರಲ್ಲ."

"ಆವತ್ತೇ ಬಯ್ಯಬಹುದಿತ್ತಲ್ಲಕ್ಕ."

"ನೀರು ಕಾಯ್ಲಿಲ್ಲ, ನಾನು ಕಾದೆ. ನೀನೇ ಬಂದು ಹೇಳ್ತೀಯ ಅಂತ. ಇವತ್ತು ಬೆಳಿಗ್ಗೆವರೆಗೂ ಕಾದೆ. ಆ ಮಗು ನಿನ್ನನ್ನ ಕೇಳ್ತಲ್ಲ, ಆಗಲೂ ನೀನು ಹೇಳ್ಲಿಲ್ಲ. ಇನ್ನು ಕಾಯೋ ಹಾಗಿರ್ಲಿಲ್ಲ."

ಆಗ ನನಗೆ ಹೊಳೆಯಿತು. ಆವತ್ತು ಆಕೆ "ಬಿಸಿ ಇದೆ" ಅಂದಿದ್ದರು. "ಕಾಯಿಸಿದೆ" ಅಂದಿರಲಿಲ್ಲ.

ಅಂಗಡಿಯಲ್ಲಿ ಯಾರಿಗೂ ವಿಷಯ ಹೇಳಲಿಲ್ಲ, ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಕೊಟ್ಟ ಶಿಕ್ಷೆ ಒಂದೇ. ಸುಟ್ಟುಹೋದ ಪೆಟ್ಟಿಗೆಯನ್ನು ನನ್ನ ಕೈಯಲ್ಲೇ ರಿಪೇರಿ ಮಾಡಿಸಿ, ಬಕೆಟ್ಟಿಗೆ ಗೆರೆಯವರೆಗೆ ನೀರು ತುಂಬಿಸಿ, ಅರ್ಧ ಗಂಟೆ ಓಡಿಸಿದರು. ಆಮೇಲೆ ಒಂದು ಟವೆಲ್ ಕೊಟ್ಟು, "ಹೋಗು, ಇವತ್ತು ನಿನ್ನ ಸ್ನಾನ" ಅಂದರು. ಡಿಸೆಂಬರ್ ಬೆಳಗಿನ ಚಳಿಯಲ್ಲಿ ಆ ನೀರನ್ನು ಮೈಮೇಲೆ ಸುರಿದುಕೊಂಡವನಿಗೆ ಒಂದು ಆಂಪ್ಲಿಫೈಯರಿನ ನಿಜವಾದ ವಾಟ್ಸ್ ಎಷ್ಟು ಎಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಹೊರಗೆ ಅಜ್ಜಿ ಜಗಲಿಯ ಮೇಲೆ ಕೂತು, "ಹೆಂಗಿದೆಯೋ ನೀರು?" ಎಂದು ಕೇಳುತ್ತಿದ್ದರು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದದ್ದೇ ಉತ್ತರ.

ಮುಂದಿನ ವರ್ಷ ಲಲಿತಕ್ಕ ಮತ್ತೆ ನನ್ನನ್ನೇ ಕಳಿಸಿದರು. ಈ ಸಲ ತಂದದ್ದು ಮುಖದ ಮೇಲೆ ಒಂದೇ ದೀಪವಿದ್ದ, ನೋಡಲು ಪೆಚ್ಚಾದ ಪೆಟ್ಟಿಗೆ. ಉಪವಾಸ ಮಾಡಿಸಿದೆ, ನಿಂತಿತು. ಬಕೆಟ್ಟಿಗೆ ಹಾಕಿದೆ. ಲಲಿತಕ್ಕ ಅಂಗಳಕ್ಕೆ ಬರಲೇ ಇಲ್ಲ, ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದರು. ನಾನೇ ಪ್ಲಗ್ ಕಿತ್ತು, ರಾಡ್ ಎತ್ತಿ, ಕೈ ಅದ್ದಿ, ಬಕೆಟ್ಟನ್ನು ಬಚ್ಚಲಿಗೆ ಇಟ್ಟು ಬಂದೆ. ನೀರು ಸುರಿಯುವ ಸದ್ದು ಕೇಳಿತು. ಆಮೇಲೆ ಅಜ್ಜಿಯ ದನಿ: "ಲಲಿತಾ, ಹುಡುಗನ ಪೆಟ್ಟಿಗೆಗೆ ಕುಂಕುಮ ಇಡೇ."

ಅದೇ ಮೈದಾನ, ಅದೇ ಓಟ. ಗುರಿಯ ಸ್ಪೀಕರನ್ನು ಆ ಪೆಟ್ಟಿಗೆಗೇ ಜೋಡಿಸಿದೆ, ತಿಂಡಿಗೆ ಕರೆದರೂ ಅಲ್ಲಾಡಲಿಲ್ಲ. ಮಾದೇವಿ ಒಂದು ಗೇಣು ಉದ್ದವಾಗಿದ್ದಳು. ಡಬ್ಬಿಯನ್ನು ಸವರುತ್ತಾ ಬಂದು, ನನ್ನ ದನಿಯ ಗುರುತು ಹಿಡಿದು, ಮತ್ತೆ ಅದೇ ಪ್ರಶ್ನೆ ಕೇಳಿದಳು.

"ಸರ್, ದನಿ ನಿಂದ್ರೂದಿಲ್ಲಲ್ರಿ?"

"ನೀರು ಕಾಯಿಸಿದೆ ಕಣಮ್ಮಾ," ಅಂದೆ.

ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೆ ಈ ಸಲ ಕೈ ಮುಂದೆ ಚಾಚದೆ ಓಡಿದಳು.